ಎಕ್ಸೆಲ್ ದಿನಾಂಕ: ದಿನ, ತಿಂಗಳು ಅದಲುಬದಲಾಗುವುದು ಎಲ್ಲಿ, ಸರಿಪಡಿಸುವುದು ಹೇಗೆ

ಡೇಟಾ ಎಂಟ್ರಿ ಕಲಿಯುವವರಿಗೆ ಟೈಪಿಂಗ್ ವೇಗ ಅಭ್ಯಾಸದಿಂದ ಬರುತ್ತದೆ. ತಲೆ ತಿನ್ನುವುದು ದಿನಾಂಕದ ಕಾಲಂ. ಅದಕ್ಕೆ ಮುಂಚೆ ಉದ್ದ ಸಂಖ್ಯೆಗಳ ವಿಷಯ ಮುಗಿಸೋಣ.

12 ಅಂಕಿಯ ಆಧಾರ್ ಸಂಖ್ಯೆ 1.23457ಇ+11 ಎಂದು ಕಂಡರೆ ಗಾಬರಿ ಬೇಡ, ಅಂಕಿಗಳು ಒಳಗೆ ಹಾಗೇ ಇರುತ್ತವೆ. 16 ಅಂಕಿಯ ಸಂಖ್ಯೆ ಹೊಡೆದರೆ ಮಾತ್ರ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಎಕ್ಸೆಲ್ ಲೆಕ್ಕ ಇಡುವುದು 15 ಅಂಕಿಗಳವರೆಗೆ. ಖಾತೆ ಸಂಖ್ಯೆಯ ಮೊದಲಲ್ಲಿರುವ ಸೊನ್ನೆಗಳೂ ಉಳಿಯವು. ಕಾಲಂ ಆರಿಸಿ, ಕಂಟ್ರೋಲ್ + 1 ಒತ್ತಿ, ಟೆಕ್ಸ್ಟ್ ಮಾಡಿ, ಆಮೇಲೆ ಟೈಪ್ ಮಾಡಿ. ಟೈಪ್ ಮಾಡಿದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ.

ಈಗ ದಿನಾಂಕ. ಎಕ್ಸೆಲ್ ಅದನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ: 2024ರ ಏಪ್ರಿಲ್ 3 ಎಂದರೆ 45385. ನೀವು 03/04/2024 ಎಂದು ಹೊಡೆದಾಗ ಅದು ಏಪ್ರಿಲ್ 3ರೋ ಮಾರ್ಚ್ 4ರೋ ಎಂದು ತೀರ್ಮಾನಿಸುವುದು ವಿಂಡೋಸ್‌ನ ರೀಜನ್ ಸೆಟ್ಟಿಂಗ್. ಅದು ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್) ಆಗಿದ್ದರೆ ಮಾರ್ಚ್ 4, ಅಂದರೆ 45355.

ಎಲ್ಲರೂ ಎಡವುವ ಜಾಗ ಇದೇ, ಯಾಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆ ಕಂಪ್ಯೂಟರ್ ತಿಂಗಳನ್ನೇ ಮೊದಲು ತೋರಿಸುವುದರಿಂದ ಪರದೆಯ ಮೇಲೆ 3/4/2024 ಎಂದೇ ಇರುತ್ತದೆ. ನೀವು ಹೊಡೆದದ್ದೇ ಇದೆ ಅನಿಸುತ್ತದೆ. ಅದೇ ಫೈಲನ್ನು ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ತೆರೆದಾಗ 04-03-2024 ಎಂದು ತೋರುತ್ತದೆ. ಸುಳಿವು ಎರಡು: ಹೊಡೆದ ಸೊನ್ನೆಗಳು ಮಾಯವಾಗಿರುತ್ತವೆ, 25/04/2024ರಂಥವು ಎಡಕ್ಕೆ, ಉಳಿದವು ಬಲಕ್ಕೆ ನಿಂತಿರುತ್ತವೆ. 25ನೇ ತಿಂಗಳು ಇಲ್ಲದ ಕಾರಣ ಅಂಥದ್ದನ್ನು ಎಕ್ಸೆಲ್ ಬರೀ ಅಕ್ಷರಸಾಲಾಗಿ ಇಟ್ಟುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ವರ್ಷದ 365 ದಿನಗಳಲ್ಲಿ 221 ಅಕ್ಷರಸಾಲಾಗುತ್ತವೆ, 144 ದಿನಾಂಕವಾಗುತ್ತವೆ. ಆ 144ರಲ್ಲಿ ಸರಿಯಾಗಿರುವುದು 12 ಮಾತ್ರ: 01/01, 02/02 ಹೀಗೆ. ಎಡಕ್ಕೆ ನಿಂತವನ್ನಷ್ಟೇ ತಿದ್ದಿ ಬಿಡುವವರು ನಿಜವಾದ ತಪ್ಪುಗಳನ್ನೆಲ್ಲ ಹಾಗೇ ಬಿಟ್ಟಿರುತ್ತಾರೆ.

ತಿದ್ದುವಾಗ ಕ್ರಮ ಮುಖ್ಯ. ಮೊದಲು ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ಎಕ್ಸೆಲ್ ಮುಚ್ಚಿ ತೆರೆಯಿರಿ. ಆಮೇಲೆ ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರ (ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು):

=ಇಫ್(ಈಸ್‌ನಂಬರ್(ಎ2), ಡೇಟ್(ಇಯರ್(ಎ2), ಡೇ(ಎ2), ಮಂತ್(ಎ2)), ಡೇಟ್‌ವ್ಯಾಲ್ಯೂ(ಟ್ರಿಮ್(ಎ2)))

ಡೇಟ್ ಫಂಕ್ಷನ್ ಕೇಳುವುದು ವರ್ಷ, ತಿಂಗಳು, ದಿನ. ಇಲ್ಲಿ ಬೇಕೆಂದೇ ತಿಂಗಳಿನ ಜಾಗಕ್ಕೆ ದಿನವನ್ನು ಕೊಟ್ಟಿದ್ದೇವೆ. ಅದಲುಬದಲಾದದ್ದು ಮತ್ತೊಮ್ಮೆ ಅದಲುಬದಲಾಗಿ ಸರಿಹೋಗುತ್ತದೆ. ಡೇಟ್‌ವ್ಯಾಲ್ಯೂ ಅಕ್ಷರಸಾಲನ್ನು ರೀಜನ್ ನೋಡಿಯೇ ಓದುತ್ತದೆ, ಸೆಟ್ಟಿಂಗ್ ಮೊದಲು ಬದಲಿಸಿ ಎಂದದ್ದು ಅದಕ್ಕೇ. ಉತ್ತರ 45385ರಂತೆ ಬಂದರೆ ಕಂಟ್ರೋಲ್ + 1ರಲ್ಲಿ ಡೇಟ್ ಕೊಡಿ. ಸಾಲು ಖಾಲಿ ಇದ್ದಲ್ಲಿ ವ್ಯಾಲ್ಯೂ ಎರರ್ ಬರುತ್ತದೆ, ಅದು ಸಹಜ. ಕೊನೆಗೆ ಕಾಪಿ ಮಾಡಿ, ಕಂಟ್ರೋಲ್ + ಆಲ್ಟ್ + ವಿ, ನಂತರ ವಿ ಒತ್ತಿ ಮೌಲ್ಯಗಳಾಗಿ ಪೇಸ್ಟ್ ಮಾಡಿ.

ಈ ಸೂತ್ರ ಒಂದೇ ಸೆಟ್ಟಿಂಗ್‌ನಲ್ಲಿ ಹೊಡೆದ ಸಾಲುಗಳಿಗೆ ಮಾತ್ರ. ಬೇರೆ ಬೇರೆ ಸೆಟ್ಟಿಂಗ್‌ನ ಎರಡು ಕಂಪ್ಯೂಟರ್‌ಗಳ ಸಾಲು ಬೆರೆತಿದ್ದರೆ ಮೂಲ ಅರ್ಜಿ ಹಿಡಿದು ಒಂದೊಂದನ್ನೇ ತಾಳೆ ನೋಡಬೇಕು.

ನಮ್ಮ ಕಚೇರಿಗಳಲ್ಲಿ ಚುಕ್ಕಿ ಹಾಕಿ 25.04.2024 ಎಂದು ಬರೆಯುವ ರೂಢಿ ಇದೆ. ಅದನ್ನು ಹಾಗೇ ಹೊಡೆದರೆ ಪೂರ್ತಿ ಕಾಲಂ ಅಕ್ಷರಸಾಲಾಗುತ್ತದೆ, ವಯಸ್ಸಿನ ಲೆಕ್ಕ ನಡೆಯದು. ಕಂಟ್ರೋಲ್ + ಎಚ್ ಒತ್ತಿ ಚುಕ್ಕಿಯ ಬದಲು ಅಡ್ಡಗೆರೆ ಹಾಕಿದರೆ ಸಾಕು, ಆದರೆ ರೀಜನ್ ಸರಿ ಮಾಡಿದ ಮೇಲೆಯೇ. ವರ್ಷವನ್ನು ಯಾವಾಗಲೂ ನಾಲ್ಕು ಅಂಕಿಯಲ್ಲಿ ಹೊಡೆಯಿರಿ; 1928ರಲ್ಲಿ ಹುಟ್ಟಿದ ಪಿಂಚಣಿದಾರರಿಗೆ 28 ಎಂದಷ್ಟೇ ಹಾಕಿದರೆ 2028 ಆಗುತ್ತದೆ.

ಫೈಲ್ ಒಪ್ಪಿಸುವ ಮುಂಚೆ ಕಾಲಂಗೆ ಫಿಲ್ಟರ್ ಹಾಕಿ ಬಾಣದ ಗುರುತು ಒತ್ತಿ. ನಿಜವಾದ ದಿನಾಂಕಗಳು ವರ್ಷದ ಕೆಳಗೆ ಗುಂಪಾಗಿರುತ್ತವೆ. ಗುಂಪಿಗೆ ಸೇರದೆ ಪಟ್ಟಿಯ ತಳದಲ್ಲಿ ಬಿಡಿಬಿಡಿಯಾಗಿ ನಿಂತವು ಇನ್ನೂ ಅಕ್ಷರಸಾಲುಗಳೇ.