ಚಹಾ ಅಂಗಡಿಯಿಂದಲೇ ಲಾರಿ ಚಾಲೂ ಮಾಡಬಹುದಾ?

ಪ್ರಶ್ನೆ: ನನ್ನದು ಹತ್ತು ಗಾಲಿ ಲಾರಿ. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ಹೊಡೆಯುತ್ತೇನೆ. ಬೆಳಗ್ಗೆ ಚಹಾ ಕುಡಿಯುತ್ತಲೇ ರಿಮೋಟ್ ಒತ್ತಿ ಎಂಜಿನ್ ಚಾಲೂ ಮಾಡುವಂತಿದ್ದರೆ ಚಲೋ ಅನಿಸುತ್ತದೆ. ಕಾರಿಗೆ ಹಾಕುವ ಕಿಟ್ ಲಾರಿಗೂ ನಡೆಯುತ್ತದಾ?

ಉತ್ತರ: ಕಾರಿನ ಕಿಟ್ ನಡೆಯುವುದಿಲ್ಲ. 24 ವೋಲ್ಟಿನ ಕಿಟ್ ಹಾಕಿಸಬಹುದು. ಆದರೆ ಮೊದಲು ನನಗೊಂದು ಮಾತು ಹೇಳಿ, ರಾತ್ರಿ ಗಾಡಿ ನಿಲ್ಲಿಸಿದಾಗ ಗೇರ್ ಎಲ್ಲಿರುತ್ತದೆ?

ನಮ್ಮ ಕಡೆ ಎಷ್ಟೋ ಡ್ರೈವರ್‌ಗಳು ಹ್ಯಾಂಡ್ ಬ್ರೇಕ್ ಹಾಕಿ, ಗಾಡಿಯನ್ನು ಗೇರಿನಲ್ಲೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ಇಳಿಯುತ್ತಾರೆ. ಒಳ್ಳೆ ರೂಢಿಯೇ. ರಿಮೋಟ್ ಬಂದರೆ ಮಾತ್ರ ಅದೇ ಕುತ್ತು. ಸೀಟಿನಲ್ಲಿ ಕುಳಿತವನು ಕೀಲಿ ತಿರುಗಿಸುವ ಮುಂಚೆ ಗೇರ್ ಅಲ್ಲಾಡಿಸಿ ನೋಡುತ್ತಾನೆ, ಕ್ಲಚ್ ಒತ್ತುತ್ತಾನೆ. ರಿಮೋಟಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಕ್ಲಚ್ ಒತ್ತದೆ ಸೆಲ್ಫ್ (ಎಂಜಿನ್ ಚಾಲೂ ಮಾಡುವ ಮೋಟಾರ್) ತಿರುಗದ ಗಾಡಿಗಳಲ್ಲಿ ಕೆಲವು ಫಿಟ್ಟರ್‌ಗಳು ಕ್ಲಚ್ಚಿನ ಆ ಸ್ವಿಚ್ಚನ್ನೇ ಶಾರ್ಟ್ ಮಾಡಿಬಿಡುತ್ತಾರೆ. ಅಲ್ಲಿಗೆ ಕಾವಲು ಹೋಯಿತು. ಇನ್ನು ಗಾಡಿ ಫಸ್ಟ್ ಗೇರಿನಲ್ಲಿದ್ದರೆ ಸೆಲ್ಫ್ ಮೋಟಾರೇ ಅದನ್ನು ಮುಂದೆ ನೂಕಬಲ್ಲದು. ಬ್ರೇಕ್ ಗಟ್ಟಿ ಇದ್ದರೆ ಮೋಟಾರ್ ಸುಡುತ್ತದೆ. ಬ್ರೇಕ್ ಸಡಿಲಿದ್ದರೆ ಮುಂದೆ ನಿಂತವರ ಗತಿ ಏನು? ಗಬ್ಬೂರು ಬೈಪಾಸ್ ಹತ್ತಿರ ಒಬ್ಬ ಕ್ಲೀನರ್ ಗೇರ್ ನೋಡದೆ ಕೀಲಿ ತಿರುಗಿಸಿದ್ದನ್ನು ಕಂಡಿದ್ದೇನೆ. ಗಾಡಿ ಒಂದು ಮೊಳ ಜಿಗಿಯಿತು. ಒಳಗೆ ಆಸಾಮಿ ಇದ್ದ, ತಕ್ಷಣ ಕೀಲಿ ಬಿಟ್ಟ. ರಿಮೋಟ್ ಆಗಿದ್ದರೆ?

ಹಾಗಾಗಿ ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್ ಬ್ರೇಕ್ ಹಾಕಿದೆ ಎಂದು ಎರಡು ಸ್ವಿಚ್‌ಗಳು ಹೇಳಿದ ಮೇಲಷ್ಟೇ ಸೆಲ್ಫ್ ತಿರುಗಬೇಕು. ಹಳೇ ಗಾಡಿಯಲ್ಲಿ ನ್ಯೂಟ್ರಲ್ ಸ್ವಿಚ್ ಇಲ್ಲದಿದ್ದರೆ ಹೊಸದಾಗಿ ಕೂರಿಸಬೇಕು. ನನ್ನ ಕೇಳಿದರೆ ಮೂರನೆಯದೊಂದು ಇನ್ನೂ ಮುಖ್ಯ, ಕ್ಯಾಬಿನ್ ಎತ್ತಿದ್ದರೆ ಸೆಲ್ಫ್ ತಿರುಗಲು ಬಿಡದ ಕ್ಯಾಬಿನ್ ಲಾಕ್ ಸ್ವಿಚ್. ಕ್ಯಾಬಿನ್ ಎತ್ತಿ ಮೆಕ್ಯಾನಿಕ್ ಬೆಲ್ಟಿನ ಹತ್ತಿರ ಕೈ ಇಟ್ಟಿರುತ್ತಾನೆ. ರಿಮೋಟ್ ನಿಮ್ಮ ಅಂಗಿ ಕಿಸೆಯಲ್ಲಿರುತ್ತದೆ. ಸುಮ್ನೆ ಒತ್ತಿ ಹೋದರೂ ಸಾಕು, ಅಲ್ವಾ? ಎಂಜಿನ್ ಹತ್ತಿದ ಕೂಡಲೇ ಸೆಲ್ಫ್ ಬಿಡಬೇಕೆಂಬುದು ಕಿಟ್‌ಗೆ ತಿಳಿಯುವುದೂ ಬೇಕು. ಅದಕ್ಕೆ ಆಲ್ಟರ್ನೇಟರ್‌ನಿಂದ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಡೈನಮೊ) ಒಂದು ವೈರ್ ಎಳೆಯುತ್ತಾರೆ.

ಬ್ಯಾಟರಿ ವಿಷಯ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಕಾರಿನ ಕಿಟ್ಟನ್ನು ಒಂದೇ ಬ್ಯಾಟರಿಗೆ ಕಟ್ಟಿ ಕೊಡುವವರಿದ್ದಾರೆ. ಆಗ ಆ ಬ್ಯಾಟರಿ ದಿನಾ ಇಳಿಯುತ್ತಾ ಹೋಗುತ್ತದೆ, ಜೊತೆಯದು ಜಾಸ್ತಿ ಚಾರ್ಜ್ ತಿಂದು ಬಿಸಿಯಾಗುತ್ತದೆ. ಕೊನೆಗೆ ಎರಡೂ ಹೋಗುತ್ತವೆ. ಕೀಲಿಯಲ್ಲಿನ ಚಿಪ್ ಗುರುತು ಹಿಡಿದರೆ ಮಾತ್ರ ಎಂಜಿನ್ ಹತ್ತುವ ಗಾಡಿಯಾದರೆ, ಇನ್ನೊಂದು ಕೀಲಿಯ ಚಿಪ್ಪನ್ನು ಸ್ಟೇರಿಂಗ್ ಕೆಳಗೆ ಅಡಗಿಸಿ ಇಡುವ ಉಪಾಯವೂ ನಡೆಯುತ್ತದೆ. ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟ ಹಾಗೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಿಂತ ಗಾಡಿಯ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಇರಬೇಕು. ಇಲ್ಲವೇ ಎಂಜಿನ್ ಬಂದ್ ಮಾಡಿ ಬ್ರೇಕ್ ಹಾಕಿರಬೇಕು. ಹೆದ್ದಾರಿ ಬದಿ ಗಾಡಿ ನಿಲ್ಲಿಸಿ, ಚಹಾ ಅಂಗಡಿಯಿಂದ ರಿಮೋಟ್ ಒತ್ತಿದರೆ ಎರಡೂ ತಪ್ಪುತ್ತವೆ. ನಿಮ್ಮ ಸ್ವಂತ ಜಾಗದಲ್ಲಿ ಆ ತಕರಾರಿಲ್ಲ.

ಅಷ್ಟಕ್ಕೂ ಇದು ಬೇಕಾ? ಕೆನಡಾದಂಥ ಕಡೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದಾಗ ಬೇಕು. ಹುಬ್ಬಳ್ಳಿಯ ಡಿಸೆಂಬರ್ ಚಳಿಗೆ ಡೀಸೆಲ್ ಎಂಜಿನ್ ಹೆದರುವುದಿಲ್ಲ. ಒಂದೆರಡು ನಿಮಿಷ ಓಡಿಸಿ, ನಿಧಾನ ಹೊರಟರೆ ಸಾಕು. ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯನ್ನು ನಿಂತಲ್ಲೇ ಬಹಳ ಹೊತ್ತು ಓಡಿಸಿದರೆ ಸೈಲೆನ್ಸರಿನ ಫಿಲ್ಟರ್‌ನಲ್ಲಿ ಮಸಿ ಕಟ್ಟುತ್ತದೆ, ಡೀಸೆಲ್ಲೂ ಸುಮ್ನೆ ಹೋಗುತ್ತದೆ. ನಿಜವಾದ ಉಪಯೋಗ ಎರಡು. ರಾತ್ರಿ ಗಾಳಿ ಇಳಿದ ಬ್ರೇಕಿನ ಏರ್ ಟ್ಯಾಂಕ್ ತುಂಬುವುದು ಒಂದು. ಇನ್ನೊಂದು, ಏಪ್ರಿಲ್‌ನಲ್ಲಿ ಗದಗಿನ ಬಿಸಿಲಿಗೆ ಕಾದ ಕ್ಯಾಬಿನ್ನಿಗೆ ಎಸಿ ಹಾಕಿಡುವುದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ ಆಗಿರುವುದರಿಂದ ಈ ಆಸೆ ಇನ್ನೂ ಹೆಚ್ಚೀತು.

ಹಾಕಿಸಿಯೇ ತೀರುತ್ತೀರಾದರೆ, ದುಡ್ಡು ಕೊಡುವ ಮುಂಚೆ ಹೀಗೆ ಮಾಡಿ. ಗಾಲಿಗೆ ಕಲ್ಲು ಕೊಡಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಳ್ಳಿ. ಸೀಟಿನಲ್ಲಿ ಕುಳಿತು ಕ್ಲಚ್ ಪೂರ್ತಿ ಒತ್ತಿ, ಗೇರ್ ಹಾಕಿ, ಆಮೇಲೆ ರಿಮೋಟ್ ಒತ್ತಿ. ಸೆಲ್ಫ್ ತಿರುಗಿತೋ, ನ್ಯೂಟ್ರಲ್ ಸ್ವಿಚ್ ಕಟ್ಟಿಲ್ಲ ಎಂದೇ ಅರ್ಥ. ಅಲ್ಲೇ ಕಿಟ್ ಬಿಚ್ಚಿಸಿ.