ನಮ್ಮ ಧೂಳು, ನಮ್ಮ ನೀರು, ನಿಮ್ಮ ಕಾರು

ಕಾರಿನ ಜೊತೆ ಕೊಡುವ ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ಅದರಲ್ಲಿ ಸರ್ವಿಸ್ ಯಾವಾಗ ಮಾಡಿಸಬೇಕು ಅನ್ನುವ ಬಗ್ಗೆ ಸಾಮಾನ್ಯವಾಗಿ ಎರಡು ಲೆಕ್ಕ ಇರುತ್ತವೆ. ಒಂದು ಸಾಧಾರಣ ಬಳಕೆಗೆ. ಇನ್ನೊಂದು ಜಾಸ್ತಿ ಧೂಳು, ಜಾಸ್ತಿ ಬಿಸಿಲು, ಕೆಟ್ಟ ರಸ್ತೆ, ದಿನವೂ ಎರಡು ಮೂರು ಕಿಲೋಮೀಟರಿನ ಓಡಾಟ ಇರುವವರಿಗೆ. ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆ ಓಡುವ ಗಾಡಿಗಳಿಗೆ ಹೊಂದುವುದು ಬೇಗ ಬೇಗ ಸರ್ವಿಸ್ ಕೇಳುವ ಈ ಎರಡನೆಯ ಲೆಕ್ಕ. ಹುಬ್ಬಳ್ಳಿಯ ಕೇಶ್ವಾಪುರದಿಂದ ದುರ್ಗದಬೈಲಿಗೆ, ಅಲ್ಲಿಂದ ಮನೆಗೆ ಅಂತ ಊರೊಳಗೇ ಸುತ್ತುವ ಗಾಡಿಗೂ ಅದೇ.

ನಾನು ಹುಬ್ಬಳ್ಳಿಯಲ್ಲಿ ಗ್ಯಾರೇಜು ನಡೆಸುತ್ತೇನೆ. ದೊಡ್ಡ ಖರ್ಚಿನ ರಿಪೇರಿಗೆ ಬಂದ ಗಾಡಿಗಳ ಮೂಲ ಹುಡುಕುತ್ತ ಹೋದರೆ ಮತ್ತೆ ಮತ್ತೆ ಸಿಗುವುದು ಎರಡು: ಎರೆಮಣ್ಣಿನ ಧೂಳು, ಬೋರ್ ನೀರು. ಇವನ್ನು ತಡೆಯುವುದು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಆಗುವ ಕೆಲಸ ಅಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮನೆ ಮುಂದೆ ಮಾಲೀಕರೇ ಮಾಡಬಹುದಾದದ್ದು. ಅದಕ್ಕೇ ಈ ಅಂಕಣ. ಎಂಜಿನ್ ಬಿಚ್ಚುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಎಂಜಿನ್ ಬಿಚ್ಚುವ ಪ್ರಸಂಗ ಬಾರದಂತೆ ಏನು ನೋಡಿಕೊಳ್ಳಬೇಕು ಅಂತ ಹೇಳುತ್ತೇನೆ.

ಮೊದಲು ಧೂಳು. ಎರೆಮಣ್ಣು ಒಣಗಿದಾಗ ಬಹಳ ನುಣ್ಣಗಿನ ಪುಡಿಯಾಗುತ್ತದೆ. ಟ್ರ್ಯಾಕ್ಟರಿನ ಹಿಂದೆ ಸ್ವಲ್ಪ ದೂರ ಹೋದರೂ ಸಾಕು, ಎಂಜಿನ್‌ಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರಿನ ಮಡಿಕೆಗಳಲ್ಲಿ ಬೂದು ಬಣ್ಣ ಕೂತಿರುತ್ತದೆ. ‘ಗಾಡಿ ಯಾಕೋ ಎಳೀವಲ್ದ್ರೀ, ಎವರೇಜೂ ಕಡಿಮಿ ಆಗೇದ’ ಅಂತ ಯಾರಾದರೂ ಬಂದರೆ ನಾವು ಮೊದಲು ತೆಗೆಯುವುದು ಆ ಫಿಲ್ಟರಿನ ಡಬ್ಬಿಯನ್ನೇ.

ಹೆಚ್ಚಿನ ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಗೆ ನಾಲ್ಕಾರು ಕ್ಲಿಪ್ಪು ಅಥವಾ ಸ್ಕ್ರೂ ಇರುತ್ತವೆ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹಿಡಿದುಕೊಳ್ಳಿ. ಫಿಲ್ಟರ್ ಎತ್ತುವಾಗ ಅದರ ಮೇಲಿನ ಮಣ್ಣು ಎಂಜಿನ್‌ಗೆ ಹೋಗುವ ಪೈಪಿನ ಕಡೆ ಬೀಳಬಾರದು. ಈಗ ಮುಖ್ಯ ಕೆಲಸ. ಫಿಲ್ಟರಿನ ಆಚೆ ಬದಿ, ಅಂದರೆ ಸೋಸಿದ ಗಾಳಿ ಹೋಗುವ ಬದಿಯಲ್ಲಿ, ಡಬ್ಬಿಯ ಒಳಗೋಡೆಯ ಮೇಲೆ ಬೆರಳು ಆಡಿಸಿ. ಬೆರಳು ಸ್ವಚ್ಛ ಇದ್ದರೆ ಸರಿ. ಬೆರಳಿಗೆ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರ ರಬ್ಬರ್ ಅಂಚು ಹರಿದಿದೆ, ಇಲ್ಲವೇ ಡಬ್ಬಿಯೇ ಸೀಳಿದೆ ಅಂತ ತಿಳಿಯಿರಿ. ಆ ಧೂಳು ಹೋಗುವುದು ನೇರ ಸಿಲಿಂಡರಿಗೆ. ಪಿಸ್ಟನ್ ರಿಂಗು ಸವೆಯುತ್ತದೆ, ಆಯಿಲ್ ಸುಡಲು ಶುರುವಾಗುತ್ತದೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಇದ್ದರೆ ಅದರ ರೆಕ್ಕೆಗಳಿಗೂ ಪೆಟ್ಟು. ಕೊಳೆಯಾದ ಫಿಲ್ಟರಿಗಿಂತ ಸರಿಯಾಗಿ ಕೂರದ ಫಿಲ್ಟರು ಅಪಾಯ. ಕೊಳೆಯಾದದ್ದು ಗಾಳಿಯನ್ನು ತಡೆಯುತ್ತದೆ, ಅಷ್ಟೇ. ಸಡಿಲಾದದ್ದು ಮಣ್ಣನ್ನೇ ಒಳಗೆ ಬಿಡುತ್ತದೆ.

ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಮೆಲ್ಲಗೆ ಕುಟ್ಟಿ ಧೂಳು ಉದುರಿಸಿ. ಗಾಳಿ ಹೊಡೆಯುವುದಾದರೆ ಕಡಿಮೆ ಒತ್ತಡದಲ್ಲಿ, ನಳಿಗೆ ದೂರ ಹಿಡಿದು, ಸ್ವಚ್ಛ ಬದಿಯಿಂದ ಕೊಳೆ ಬದಿಗೆ ಹೊಡೆಯಿರಿ. ಪಂಕ್ಚರ್ ಅಂಗಡಿಯ ಪೈಪು ತಂದು ಕಾಗದಕ್ಕೇ ಒತ್ತಿ ಹೊಡೆದರೆ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಸಣ್ಣ ಕಾರಿನ ಫಿಲ್ಟರಿಗೆ ಕೆಲವು ನೂರು ರೂಪಾಯಿ. ಅನುಮಾನ ಬಂದರೆ ಹೊಸದನ್ನೇ ಹಾಕಿ.

ವಾಪಸ್ ಹಾಕಿದ ಮೇಲೆ ಎಲ್ಲಾ ಕ್ಲಿಪ್ಪು ಬಿದ್ದಿದೆಯಾ, ಪೈಪಿನ ಕ್ಲ್ಯಾಂಪು ಬಿಗಿ ಇದೆಯಾ ನೋಡಿ. ಫಿಲ್ಟರ್ ತೆಗೆದು ಹಾಕಿದ ಮರುದಿನ ಎಂಜಿನ್ ಲೈಟು ಹತ್ತಿಕೊಂಡು ಬರುವ ಗಾಡಿಗಳು ಇವೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಿದರೆ ‘ಪಿ0171’ ಅಂತ ಕೋಡ್ ತೋರಿಸುತ್ತದೆ. ಇಂಧನಕ್ಕೆ ಹೋಲಿಸಿದರೆ ಗಾಳಿ ಜಾಸ್ತಿ ಆಗಿದೆ ಅಂತ ಅದರ ಅರ್ಥ. ಆನ್‌ಲೈನಿನಲ್ಲಿ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತರಿಸಿಕೊಂಡವರು ಇದನ್ನು ನೋಡಿ ಸೆನ್ಸರ್ರೇ ಕೆಟ್ಟಿದೆ ಅಂತ ಹೊಸದು ಕೊಂಡುಬಿಡುತ್ತಾರೆ. ಕೋಡ್ ಹೇಳುವುದು ತೊಂದರೆ ಯಾವ ಕಡೆ ಇದೆ ಅಂತ. ಯಾವ ಪಾರ್ಟು ಬದಲಿಸಬೇಕು ಅಂತ ಅದು ಹೇಳುವುದಿಲ್ಲ. ಗಾಳಿ ಅಳೆಯುವ ಸೆನ್ಸರಿನ ಆಚೆ, ಎಂಜಿನ್ ಕಡೆ, ಪೈಪು ಸಡಿಲಾಗಿ ಗಾಳಿ ಒಳಗೆ ನುಗ್ಗಿದರೂ ಅದೇ ಕೋಡ್ ಬರಬಹುದು.

ಕಾರಿನೊಳಗೆ ಕೂತವರಿಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬೇರೆ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಎಸಿ ಗಾಳಿ ಕಡಿಮೆ ಬರುತ್ತಿದ್ದರೆ ಗ್ಯಾಸ್ ತುಂಬಿಸುವ ಮೊದಲು ಅದನ್ನು ಎಳೆದು ನೋಡಿ.

ಇನ್ನೊಂದು ಸಂಗತಿ ನಮ್ಮ ಕಡೆಯದ್ದೇ. ಸುಗ್ಗಿ ಬಂದರೆ ಹಳ್ಳಿ ರಸ್ತೆಗಳೇ ಕಣ ಆಗುತ್ತವೆ. ಹುರುಳಿ, ಹೆಸರು, ಜೋಳ ಎಲ್ಲಾ ಡಾಂಬರಿನ ಮೇಲೆ ಹರಡಿರುತ್ತವೆ. ಹುರುಳಿ ಬಳ್ಳಿ ಬಹಳ ಅಪಾಯದ್ದು. ಅದು ಉದ್ದ ಇರುತ್ತದೆ, ಮುಂದಿನ ಗಾಲಿಯ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಅಲ್ಲೇ ಪಕ್ಕದಲ್ಲಿ ಸೈಲೆನ್ಸರ್ ಪೈಪು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತವೆ. ಕನ್ವರ್ಟರ್ ಕೆಲಸ ಮಾಡುವಾಗ ಒಳಗಿನ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಣ ಹೊಟ್ಟು ಅದಕ್ಕೆ ಅಂಟಿಕೊಂಡರೆ ಬೆಂಕಿ ಹೊತ್ತಲು ತಡ ಇಲ್ಲ. ಸಾಧ್ಯವಿದ್ದರೆ ಬೇರೆ ದಾರಿ ಹಿಡಿಯಿರಿ. ಅದರ ಮೇಲೆಯೇ ಹಾಯಬೇಕಾಗಿ ಬಂದರೆ ಮುಂದೆ ಸ್ವಚ್ಛ ಜಾಗದಲ್ಲಿ ಗಾಡಿ ನಿಲ್ಲಿಸಿ, ಬಗ್ಗಿ, ಟಾರ್ಚ್ ಹಾಕಿ ಕೆಳಗೆ ನೋಡಿ. ಹೊಟ್ಟಿನ ರಾಶಿಯ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಸಿಕ್ಕಿಕೊಂಡದ್ದನ್ನು ಎಂಜಿನ್ ಬಂದ್ ಮಾಡಿ, ಕೋಲಿನಿಂದಲೋ ಕೊಕ್ಕೆಯಿಂದಲೋ ಎಳೆಯಿರಿ. ಪೈಪಿಗೆ ಕೈ ತಾಗಬಾರದು. ಸುಟ್ಟ ವಾಸನೆ ಬಂದರೆ ‘ಊರು ಮುಟ್ಟಿ ನೋಡೋಣ’ ಅನ್ನದೆ ಎಲ್ಲರೂ ಮೊದಲು ಕೆಳಗೆ ಇಳಿಯಿರಿ.

ಹೊಟ್ಟು, ಹತ್ತಿ ಎಳೆ, ಹುಳ ಇವೆಲ್ಲ ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರಿನ ಜಾಲಿಗೂ ಅಂಟಿಕೊಳ್ಳುತ್ತವೆ. ತಣ್ಣಗಿದ್ದಾಗ ಸಾದಾ ಪೈಪಿನ ನೀರಿನಿಂದ ಮೆಲ್ಲಗೆ ತೊಳೆಯಿರಿ. ಪ್ರೆಶರ್ ವಾಶರ್ ಹತ್ತಿರ ಹಿಡಿದರೆ ಆ ತೆಳ್ಳನೆಯ ತಗಡುಗಳು ಮಡಚಿಕೊಂಡು ಗಾಳಿಯೇ ಹೋಗುವುದಿಲ್ಲ.

ಈಗ ನೀರಿನ ವಿಷಯ. ಇದರ ಬಗ್ಗೆ ನನಗೆ ಸಮಾಧಾನವೇ ಇಲ್ಲ, ಯಾಕೆಂದರೆ ಇಷ್ಟು ಸುಲಭವಾಗಿ ತಡೆಯಬಹುದಾದ ನಷ್ಟ ಬೇರೊಂದಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬರುತ್ತದೆ. ಬಹಳ ಕಡೆ ನಳ ಬರುವುದು ಕೆಲವು ದಿನಕ್ಕೊಮ್ಮೆ. ಹೀಗಾಗಿ ಗಾಡಿಗೆ ಅಂತ ಕೈಗೆ ಸಿಗುವುದು ಬೋರ್ ನೀರು. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಸ್ವಲ್ಪ ಇಳಿದಿದೆ ಅಂತ ಅದನ್ನೇ ಒಂದು ತಂಬಿಗೆ ಸುರಿಯುತ್ತಾರೆ. ಮತ್ತೆ ಇಳಿಯುತ್ತದೆ, ಮತ್ತೆ ಸುರಿಯುತ್ತಾರೆ. ಬೋರ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕೂರುತ್ತದಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಸಣ್ಣ ನಳಿಕೆಗಳಲ್ಲಿ ಕೂರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಕೆಲಸ ಅದು. ಬಿಸಿ ಹೊರಗೆ ಹೋಗುವುದು ನಿಲ್ಲುತ್ತದೆ. ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಎಸಿ ಹಾಕಿಕೊಂಡು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ವಾಪಸ್ ಹತ್ತುವಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬೆಂಡಾಗಿರುತ್ತದೆ, ಅದರ ಕೆಳಗೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಹೋಗಿರುತ್ತದೆ.

ಕೂಲಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಎಥಿಲೀನ್ ಗ್ಲೈಕಾಲ್, ಶುದ್ಧ ನೀರು, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಹೊರಗಿನ ಗಾಳಿಯ ಒತ್ತಡದಲ್ಲೇ ಸುಮಾರು 106 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಅಥವಾ ಕೂಲಂಟ್ ಟ್ಯಾಂಕಿನ ಮುಚ್ಚಳ ಒತ್ತಡ ಹಿಡಿದಿಟ್ಟಾಗ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಅದಕ್ಕೇ ಮುಚ್ಚಳದ ರಬ್ಬರ್ ಸಡಿಲಾದರೂ ಗಾಡಿ ಕುದಿಯುತ್ತದೆ. ಅದಕ್ಕೇ ಎಂಜಿನ್ ಬಿಸಿ ಇರುವಾಗ ಆ ಮುಚ್ಚಳ ತೆಗೆಯಬಾರದು. ತೆಗೆದ ಕ್ಷಣ ಒತ್ತಡ ಇಳಿದು ಒಳಗಿನದ್ದೆಲ್ಲ ಒಮ್ಮೆಗೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಾಕಿ ತೆಗೆಯುತ್ತೇನೆ ಅನ್ನುವುದೂ ಬೇಡ. ಪೂರ್ತಿ ತಣ್ಣಗಾಗುವ ತನಕ ಕಾಯಿರಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ಮಟ್ಟ ಇದೆಯಾ ನೋಡಿ. ಕಡಿಮೆ ಇದ್ದರೆ ಪುಸ್ತಕದಲ್ಲಿ ಹೇಳಿದ ಜಾತಿಯ ಕೂಲಂಟನ್ನೇ ಹಾಕಿ. ಬಣ್ಣ ನೋಡಿ ಹಾಕಬೇಡಿ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಒಳಗಿನ ರಾಸಾಯನಿಕ ಬೇರೆ ಇರಬಹುದು, ಬೆರೆತರೆ ಕೆಸರಿನಂಥದ್ದು ಕಟ್ಟಬಹುದು. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಅಂತ ಇದ್ದರೆ ನೀರು ಬೆರೆಸುವಂತಿಲ್ಲ. ‘ಕಾನ್ಸಂಟ್ರೇಟ್’ ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಬೆರೆಸಿ. ಬೋರ್ ಬೇಡ, ನಳದ್ದೂ ಬೇಡ.

ಮಟ್ಟ ತಿಂಗಳು ತಿಂಗಳೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಹೋಸ್ ಪೈಪುಗಳ ಕೂಡು ಜಾಗದಲ್ಲಿ, ವಾಟರ್ ಪಂಪಿನ ಕೆಳಗೆ ಒಣಗಿದ ಬಣ್ಣದ ಕಲೆ ಇದೆಯಾ ನೋಡಿ. ಎಲ್ಲೂ ಕಾಣದೆ ಇಳಿಯುತ್ತಿದ್ದರೆ ಅದು ಎಂಜಿನ್ ಒಳಗೇ ಹೋಗುತ್ತಿರಬಹುದು. ಆಗ ಗ್ಯಾರೇಜಿಗೆ ಬನ್ನಿ. ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿಯ ಮೇಲೆ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಗಾಡಿ ಚಾಲೂ ಮಾಡಲೇಬೇಡಿ, ಎಳೆಸಿಕೊಂಡೇ ಬನ್ನಿ.

ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಏರುತ್ತಿದ್ದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಘಟ್ಟದಲ್ಲಿ ಬೇರೆ ಗತಿ ಇಲ್ಲದಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕುಡಿಯುವ ನೀರು ಹಾಕಿ ಊರು ಸೇರಿಕೊಳ್ಳಿ, ತಪ್ಪಿಲ್ಲ. ಬಂದ ಮೇಲೆ ಆ ನೀರು ತೆಗೆಸಿ ಸರಿಯಾದದ್ದು ತುಂಬಿಸಿ.

ಆಯಿಲ್ ನೋಡುವುದು ಎಲ್ಲರಿಗೂ ಗೊತ್ತು: ಸಮತಟ್ಟಾದ ನೆಲ, ಎಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಗಾಬರಿ ಆಗಬೇಕಾದ್ದು ಮಟ್ಟ ಏರಿದರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಜಾರಿಗೆ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಊರೊಳಗೇ ಓಡುತ್ತಿದ್ದರೆ ಆ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಅಂತ ಚಿಮ್ಮಿಸಿದ ಡೀಸೆಲ್ ಇಳಿದು ಆಯಿಲ್‌ಗೆ ಸೇರಬಹುದು. ಕಡ್ಡಿಯ ಮೇಲಿನ ಗೆರೆ ದಾಟಿದ್ದರೆ ಆಯಿಲ್ ತೆಳ್ಳಗಾಗಿದೆ ಅಂತ, ಬದಲಿಸಲೇಬೇಕು. ಇಂಥ ಗಾಡಿಯನ್ನು ಆಗಾಗ ಬೈಪಾಸಿನಲ್ಲಿ ಒಂದೇ ವೇಗದಲ್ಲಿ ಅರ್ಧ ತಾಸು ಓಡಿಸಿ.

ಬ್ಯಾಟರಿಗೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಸುತ್ತ ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರಬಾರದು ಅಂತ ಈ ಕ್ರಮ. ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು, ಹಳೆ ಬ್ರಶ್ಶು.

ಟಯರಿನ ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ. ತಣ್ಣಗಿರುವಾಗಿನ ಲೆಕ್ಕ ಅದು. ಬಿಸಿಲಲ್ಲಿ ಓಡಿಸಿ ಬಂದು, ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಬೇಡಿ. ಸ್ಟೆಪ್ನಿಯನ್ನೂ ನೋಡಿ.

ಗಾಲಿ ಬದಲಿಸುವುದು ಕಲಿತಿರಲೇಬೇಕು, ಆದರೆ ಜಾಕಿನ ಬಗ್ಗೆ ನಾನು ಬಹಳ ಖಡಕ್. ಎರೆ ನೆಲ ನೋಡಲು ಗಟ್ಟಿ ಕಾಣುತ್ತದೆ. ಮೇಲಿನ ಪದರ ಬಿರಿದಿರುತ್ತದೆ, ಕೆಳಗೆ ಮೆತ್ತಗಿರುತ್ತದೆ. ಜಾಕ್ ಒಂದು ಕಡೆ ಹೂತು ಗಾಡಿ ಜಾರುತ್ತದೆ. ಆದಷ್ಟು ಕಾಂಕ್ರೀಟ್ ನೆಲ ಹುಡುಕಿ, ಸಿಗದಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಕೊಡಿ. ಹ್ಯಾಂಡ್‌ಬ್ರೇಕ್ ಎಳೆದು, ಎದುರು ಮೂಲೆಯ ಗಾಲಿಗೆ ಕಲ್ಲು ಕೊಡಿ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ವಾಪಸ್ ಹಾಕುವಾಗ ಎದುರುಬದುರಾಗಿ ಬಿಗಿ ಮಾಡಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ. ಗಾಡಿಯ ಜೊತೆ ಬಂದ ಜಾಕ್ ಗಾಲಿ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಬಿದ್ದ ನಟ್ಟು ತೆಗೆಯಲಿಕ್ಕೂ ಹೋಗಬಾರದು.

ಬ್ರೇಕ್ ಬಿಚ್ಚುವುದು ಮನೆಯ ಕೆಲಸ ಅಲ್ಲ. ಬ್ರೇಕ್ ಆಯಿಲಿನ ಮಟ್ಟ ಇಳಿದಿದ್ದರೆ ಸುಮ್ನೆ ತುಂಬಿಸಿ ಮರೆಯಬೇಡಿ. ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಏರ್‌ಬ್ಯಾಗಿನ ಹಳದಿ ವೈರು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್, ಎಸಿ ಗ್ಯಾಸಿನ ಪೈಪು ಇವಕ್ಕೂ ಕೈ ಹಾಕಬೇಡಿ.

ಕೆಲಸ ಮುಗಿದ ಮೇಲೆ ಉಳಿಯುವ ಹಳೆ ಆಯಿಲ್, ಕೂಲಂಟ್‌ಗಳನ್ನು ಗಟಾರಕ್ಕೆ ಚೆಲ್ಲಬೇಡಿ. ಗ್ಲೈಕಾಲ್ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದು ವಿಷವೇ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಅದು ಬಂದ ಡಬ್ಬಿಯಲ್ಲೇ ಹಾಕಿ, ಮೇಲೆ ಹೆಸರು ಬರೆದು, ಆಯಿಲ್ ಬೇರೆ ಕೂಲಂಟ್ ಬೇರೆ ಇಟ್ಟು, ಮುಂದಿನ ಸಲ ಗ್ಯಾರೇಜಿಗೆ ಬರುವಾಗ ತನ್ನಿ. ಹಳೆ ಆಯಿಲ್ ತುಂಬುವ ಡ್ರಮ್ಮು ಹೆಚ್ಚಿನ ಗ್ಯಾರೇಜುಗಳಲ್ಲಿ ಇರುತ್ತದೆ.