ಅಂಗಡಿಗೆ ಇಪಿಎಬಿಎಕ್ಸ್ ಹಾಕಿಸ್ಬೇಕಾ, ಕ್ಲೌಡ್ ನಂಬರ್ ಸಾಕಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಟೈಲ್ಸ್ ಮತ್ತು ಸ್ಯಾನಿಟರಿ ಅಂಗಡಿ. ಹಿಂದೆಯೇ ಗೋಡೌನ್. ಎಂಟು ಜನ ಕೆಲಸಕ್ಕಿದ್ದಾರೆ. ಗಿರಾಕಿಗಳ ಫೋನೆಲ್ಲ ಹುಡುಗರ ಸ್ವಂತ ಮೊಬೈಲಿಗೇ ಬರುತ್ತೆ. ಒಬ್ಬರು ಇಪಿಎಬಿಎಕ್ಸ್ ಹಾಕಿಸಿ ಅಂತಾರೆ, ಇನ್ನೊಬ್ಬರು ಅದೆಲ್ಲ ಹಳೇದು, ಕ್ಲೌಡ್ ತಗೊಳ್ಳಿ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಆದರೆ ಎರಡರ ಕೆಲಸ ಬೇರೆ. ಇಪಿಎಬಿಎಕ್ಸ್ ಅಂದರೆ ಅಂಗಡಿಯೊಳಗಿನ ಫೋನುಗಳನ್ನೆಲ್ಲ ವೈರಿನಿಂದ ಜೋಡಿಸುವ ಡಬ್ಬ; ಒಳಗಿನವರು ಒಳಗಿನವರ ಜೊತೆ ಮಾತಾಡೋಕೆ ಅದು ಚೆನ್ನ. ಕ್ಲೌಡ್ ಅಂದರೆ ಬಂದ ಕರೆಯನ್ನು ಬೇರೊಂದು ಕಂಪನಿ ತನ್ನ ಕಂಪ್ಯೂಟರಿನಲ್ಲಿ ಹಿಡಿದು ನಿಮ್ಮ ಮೊಬೈಲುಗಳಿಗೆ ಹಂಚುವ ಸೇವೆ; ಹೊರಗಿನ ಕರೆ ತಪ್ಪಿಹೋಗದಂತೆ ನೋಡಿಕೊಳ್ಳೋಕೆ ಅದು ಚೆನ್ನ. ನಿಮ್ಮ ತಲೆನೋವು ಎರಡನೇದು ಅಲ್ವಾ? ಆದರೆ ಯಾವುದಕ್ಕೂ ದುಡ್ಡು ಕಟ್ಟುವ ಮೊದಲು ನಂಬರ್ ಯಾರದ್ದು ಅಂತ ನೋಡಿ.

ಈಗ ಗಾರೆ ಮೇಸ್ತ್ರಿ ಫೋನಿನಲ್ಲಿ ‘ಟೈಲ್ಸ್ ಅಂಗಡಿ’ ಅಂತ ಸೇವ್ ಆಗಿರೋದು ನಿಮ್ಮ ಹುಡುಗನ ನಂಬರ್. ನಾಳೆ ಅವನು ಎದುರಿನ ಅಂಗಡಿ ಸೇರಿದರೆ ಮೇಸ್ತ್ರಿಯ ಕರೆಯೂ ಅಲ್ಲಿಗೇ ಹೋಗುತ್ತೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಹಾಗಾಗಿ ಅಂಗಡಿಯ ಹೆಸರಿನಲ್ಲೇ ಒಂದು ಮೊಬೈಲ್ ನಂಬರ್ ತಗೊಳ್ಳಿ. ಬೋರ್ಡು, ಬಿಲ್ಲು, ಗಾಡಿ ಎಲ್ಲದರ ಮೇಲೂ ಅದೊಂದೇ ಇರಲಿ. ಮೊಬೈಲ್ ನಂಬರನ್ನು 2011ರಿಂದ ದೇಶದ ತುಂಬ ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ.

ಕ್ಲೌಡ್ ಕಂಪನಿ ಕೊಡುವ ನಂಬರ್ ಸಾಮಾನ್ಯವಾಗಿ ಬಾಡಿಗೆ ನಂಬರ್. ಬಾಡಿಗೆ ನಿಲ್ಲಿಸಿದ ಮೇಲೆ ಅದು ನಿಮ್ಮ ಹತ್ತಿರವೇ ಉಳಿಯುತ್ತಾ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ. ನನ್ನ ಮಟ್ಟಿಗೆ ಆ ನಂಬರನ್ನು ಬೋರ್ಡಿಗೆ ಬರೆಸಲೇಬಾರದು. ನಿಮ್ಮ ಸಿಮ್ಮಿನ ಕರೆ ಬಿಜಿ ಆದಾಗ ಅಥವಾ ಯಾರೂ ಎತ್ತದಿದ್ದಾಗ ಆ ನಂಬರಿಗೆ ಫಾರ್ವರ್ಡ್ ಆದರೆ ಸಾಕು. ಟೈಲ್ಸ್ ವ್ಯಾಪಾರದಲ್ಲಿ ವಾಟ್ಸಾಪ್ ಬೇರೆ ಬೇಕು. ಗಿರಾಕಿ ಫೋನಿನಲ್ಲಿ ಬಣ್ಣ ವಿವರಿಸಲ್ಲ, ಫೋಟೊ ಕಳಿಸ್ತಾನೆ. ಕೈಯಲ್ಲಿ ಸಿಮ್ ಇದ್ದರೆ ವಾಟ್ಸಾಪ್ ಬಿಸಿನೆಸ್ಸಿನ ಒಟಿಪಿ ನೇರ ಬರುತ್ತೆ. ಕ್ಲೌಡ್ ನಂಬರಾದರೆ ಒಟಿಪಿ ಹೇಳುವ ಕರೆಯೂ ನಿಮ್ಮ ಐವಿಆರ್ ಮೆನುವಿಗೇ (‘ಒಂದು ಒತ್ತಿ, ಎರಡು ಒತ್ತಿ’ ಅನ್ನೋ ರೆಕಾರ್ಡ್ ದನಿ) ಹೋಗಿ ಸಿಕ್ಕಿಕೊಳ್ಳಬಹುದು.

ಕ್ಲೌಡ್ ಮಾಡೋದು ಇಷ್ಟು. ಕರೆ ಬಂದಾಗ ಮೊದಲು ಒಬ್ಬನ ಮೊಬೈಲ್, ಅವನು ಎತ್ತದಿದ್ದರೆ ಇನ್ನೊಬ್ಬನದು, ಆಮೇಲೆ ಮಾಲೀಕರದು ಹೀಗೆ ಸಾಲಾಗಿ ರಿಂಗ್ ಆಗುತ್ತೆ. ಯಾರೂ ಎತ್ತದಿದ್ದರೂ ಗಿರಾಕಿಯ ನಂಬರ್ ಲೆಕ್ಕದಲ್ಲಿ ಉಳಿಯುತ್ತೆ. ಸಂಜೆ ಕೂತು ವಾಪಸ್ ಮಾಡಬಹುದು. ಬೆಂಗಳೂರಿನ ಎಕ್ಸೋಟೆಲ್‌ನಂಥ ಕಂಪನಿಗಳು ಈ ಸೇವೆ ಕೊಡುತ್ತವೆ. ದರ ಕೇಳುವಾಗ ತಿಂಗಳ ಬಾಡಿಗೆ ಒಂದನ್ನೇ ಕೇಳಬೇಡಿ. ನಿಮಿಷದ ಲೆಕ್ಕ ಬೇರೆ ಇರುತ್ತಾ, ಎಷ್ಟು ಜನರಿಗೆ ಅಂತಾನೂ ಕೇಳಿ. ಮೆನು ಎರಡೇ ಆಯ್ಕೆಗೆ ಮುಗಿಯಲಿ, ದನಿ ಕನ್ನಡದ್ದಿರಲಿ. ಕೈತುಂಬ ಸಿಮೆಂಟ್ ಮೆತ್ತಿಕೊಂಡ ಮೇಸ್ತ್ರಿ ‘ಐದು ಒತ್ತಿ’ ಅನ್ನೋವರೆಗೆ ಕಾಯಲ್ಲ. 1800 ನಂಬರಿನ ಆಸೆಯನ್ನೂ ಬಿಡಿ. ಅಲ್ಲಿ ಕರೆಯ ಖರ್ಚು ನಿಮ್ಮದು. ಗಿರಾಕಿಗಳ ಫೋನಿನಲ್ಲಿ ಅನ್‌ಲಿಮಿಟೆಡ್ ಪ್ಯಾಕ್ ಇರುವಾಗ ಅದು ಸುಮ್ನೆ ದಂಡ.

ಇನ್ನು ಇಪಿಎಬಿಎಕ್ಸ್. ಪೇಟೆಯಲ್ಲಿ ‘3+8’ ಅಂತ ಕೇಳಿದರೆ ಮೂರು ಹೊರಗಿನ ಲೈನು, ಎಂಟು ಎಕ್ಸ್‌ಟೆನ್ಶನ್ (ಒಳಗಿನ ಫೋನು) ಅಂತ ಅರ್ಥ. ಗೋಡೌನಿಗೆ ‘ಆ ಡಿಸೈನ್ ಎಷ್ಟು ಬಾಕ್ಸ್ ಉಳಿದಿದೆ?’ ಅಂತ ದಿನಕ್ಕೆ ಹತ್ತಾರು ಸಲ ಕೇಳಬೇಕಾದರೆ ಮಾತ್ರ ಇದು ಬೇಕು. ಒಂದು ಸಲ ವೈರ್ ಎಳೆಸಿದರೆ ಒಳಗಿನ ಮಾತಿಗೆ ಮತ್ತೆ ಖರ್ಚಿಲ್ಲ. 30 ಕರೆ ಒಟ್ಟಿಗೆ ಹಿಡಿಯುವ ಪಿಆರ್‌ಐ ಲೈನು ಆಸ್ಪತ್ರೆ, ಹೋಟೆಲಿಗೆ. ನಿಮಗಲ್ಲ.

ಕರೆಂಟಿನ ವಿಷಯವನ್ನು ಯಾರೂ ಹೇಳಲ್ಲ. ಹಳೇ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಕರೆಂಟ್ ಹೋದರೂ ಫೋನ್ ನಡೀತಿತ್ತು. ಈಗ ಫೈಬರ್. ಅಂಗಡಿಯೊಳಗಿನ ಆ ಪುಟ್ಟ ಮೋಡೆಮ್ ಆರಿದರೆ ಲ್ಯಾಂಡ್‌ಲೈನೂ ಸತ್ತಂತೆ. ಮೋಡೆಮ್, ಇಪಿಎಬಿಎಕ್ಸ್ ಎರಡನ್ನೂ ಯುಪಿಎಸ್‌ಗೆ ಹಾಕಿಸಿ.

ಒಂದೇ ಡಬ್ಬಕ್ಕೆ ರಾಶಿ ಸಿಮ್ ಹಾಕಿ, ಇಂಟರ್‌ನೆಟ್ ಕರೆಯನ್ನು ಲೋಕಲ್ ಕರೆ ಮಾಡಿಕೊಡ್ತೀವಿ, ಜಾಸ್ತಿ ಉಳಿತಾಯ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಅದು ಸಿಮ್ ಬಾಕ್ಸ್, ಕಾನೂನುಬಾಹಿರ. ಬೆಂಗಳೂರಿನಲ್ಲಿ 2021ರಲ್ಲಿ ಇಂಥ ಅಡ್ಡೆಗಳ ಮೇಲೆ ಪೊಲೀಸ್ ದಾಳಿ ಆಗಿ ಜನ ಜೈಲಿಗೆ ಹೋಗಿದ್ದಾರೆ.

ಸದ್ಯಕ್ಕೆ ಅಂಗಡಿ ಹೆಸರಿನ ಸಿಮ್, ಅದರ ಬೆನ್ನಿಗೆ ಚಿಕ್ಕ ಕ್ಲೌಡ್ ಪ್ಲಾನ್ ಮಾಡಿಸಿ. ಇಪಿಎಬಿಎಕ್ಸ್ ಆಮೇಲೆ ನೋಡೋಣ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ಮೊದಲು ಟ್ರಯಲ್ ಕೇಳಿ. ಟ್ರಯಲ್ ನಡೀತಿರುವಾಗ ಭಾನುವಾರ ಬೆಳಿಗ್ಗೆ, ಅಂಗಡಿ ತುಂಬಿರೋ ಹೊತ್ತಿನಲ್ಲಿ, ಮೂರು ಬೇರೆ ಫೋನಿನಿಂದ ಒಟ್ಟಿಗೆ ನಿಮ್ಮ ನಂಬರಿಗೆ ಕರೆ ಮಾಡಿಸಿ. ಮೂರನೆಯವನಿಗೆ ಏನು ಕೇಳಿಸಿತು ಅಂತ ಅವನನ್ನೇ ಕೇಳಿ.